ಪ್ಯಾರಮಟ್ಟಾದ ಗ್ರೀಕ್ ಮಾವ

ನಮ್ಮ ಮಾವನವರು ಧಾರವಾಡದವರು ಎಂದು ಅವರ ಪಾಸ್‌ಪೋರ್ಟ್ ಹೇಳುತ್ತದೆ. ನಾನಂತೂ ನಂಬುವುದಿಲ್ಲ. ಅವರು ಎರಡೂವರೆ ಸಾವಿರ ವರ್ಷಗಳ ಹಿಂದೆ ಗ್ರೀಸಿನಲ್ಲಿ ಹುಟ್ಟಿ, ದಾರಿ ತಪ್ಪಿ ಕಾಂಗರೂಗಳ ನಾಡಿನ ಪ್ಯಾರಮಟ್ಟಾದ ನಮ್ಮ ಅಪಾರ್ಟ್‌ಮೆಂಟಿಗೆ ಬಂದಿಳಿದವರು!

ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು ಸುಮ್ಮನೆ ಪೇಪರ್ ಓದಿಕೊಂಡಿರಬಾರದೇ? ಇವರು ಬಂದ ವಾರವೇ ನನ್ನ ಒಂಬತ್ತು ವರ್ಷದ ಮಗಳನ್ನು ಗ್ರೀಕರ ಸ್ಪಾರ್ಟಾಕ್ಕೆ ಸೇರಿಸಿಬಿಟ್ಟರು. ಅಲ್ಲಿನ ಮಕ್ಕಳಿಗೆ ಚಪ್ಪಲಿ ಇರಲಿಲ್ಲವಂತೆ, ವರ್ಷಕ್ಕೊಂದೇ ಬಟ್ಟೆಯಂತೆ. ಇಲ್ಲಿನ ಜೂನ್ ತಿಂಗಳ ಚಳಿಗಾಲದಲ್ಲಿ ಅಜ್ಜ-ಮೊಮ್ಮಗಳು ಬರಿಗಾಲಲ್ಲಿ ಬಾಲ್ಕನಿ ಸುತ್ತಿದರು. ಮೂರನೇ ದಿನ ನೆಗಡಿ ಹಿಡಿಯಿತು. ಯಾರಿಗೆ ಅಂದುಕೊಂಡಿರಿ? ಮಗಳು ಗುಂಡುಕಲ್ಲಿನಂತಿದ್ದಳು. ಮಾವನವರು ಎರಡು ಸ್ವೆಟರ್ ಹಾಕಿಕೊಂಡು, ಶುಂಠಿ ಕಷಾಯ ಕುಡಿಯುತ್ತಾ, ಇನ್ನು ಮುಂದೆ ಅಥೆನ್ಸಿನ ಪದ್ಧತಿ ಎಂದು ಘೋಷಿಸಿದರು.

ಅಥೆನ್ಸಿನಲ್ಲಿ ಒಬ್ಬ ಮುದಿ ಆಳು ಚೀಲ ಹೊತ್ತು ಮಗುವನ್ನು ಶಾಲೆಗೆ ಕರೆದೊಯ್ಯುತ್ತಿದ್ದನಂತೆ, ದಾರಿಯುದ್ದಕ್ಕೂ ನಡತೆ ತಿದ್ದುತ್ತಿದ್ದನಂತೆ. ಆ ಕೆಲಸಕ್ಕೆ ಮಾವನವರು ತಾವೇ ಅರ್ಜಿ ಹಾಕಿ, ತಾವೇ ನೇಮಕ ಮಾಡಿಕೊಂಡರು. ಊರಿನಲ್ಲಿ ಒಂದು ಲೋಟ ನೀರನ್ನೂ ಎದ್ದು ತೆಗೆದುಕೊಂಡವರಲ್ಲ! ಈಗ ಗುಲಾಬಿ ಬಣ್ಣದ ಚೀಲ ಹೆಗಲಿಗೇರಿಸಿ ಹೊರಟರೆ ಬಸ್ ಸ್ಟಾಪಿನವರೆಲ್ಲ ತಿರುಗಿ ನೋಡುತ್ತಿದ್ದರು. ಮಳೆ ಬಂದ ದಿನ ಕಾರಿನಲ್ಲಿ ಬಿಡುತ್ತೇನೆ ಎಂದರೆ, ಅಥೆನ್ಸಿನಲ್ಲಿ ಕಾರೆಲ್ಲಿತ್ತು ಎಂದು ನನ್ನನ್ನೇ ಕೇಳಿದರು.

ಅಷ್ಟರಲ್ಲಿ ಕಷ್ಟ ಬಂತು. ನನ್ನ ಮಗಳು ತರಗತಿಯಲ್ಲಿ ಬಾಯಿ ಬಿಡುವವಳಲ್ಲ. ಈ ಸಲ ಪ್ರತಿಯೊಬ್ಬರೂ ಶಾಲೆಯ ಹಾಲ್‌ನಲ್ಲಿ ಭಾಷಣ ಮಾಡಲೇಬೇಕಿತ್ತು. ಹೊಟ್ಟೆನೋವೆಂದು ಚೀಟಿ ಬರೆದುಕೊಡು ಎಂದು ಅವಳು ಅತ್ತಳು. ನಾನು ಬರೆಯಲು ಕೂತೇಬಿಟ್ಟೆ. ಮಾವನವರು ಚೀಟಿ ಕಸಿದುಕೊಂಡರು. ಗ್ರೀಕರ ಮಕ್ಕಳೆಲ್ಲ ಬಾಯಿಪಾಠ ಮಾಡಿಯೇ ದೊಡ್ಡವರಾದದ್ದು ಎಂದು, ಎರಡು ವಾರ ಶಾಲೆಯ ದಾರಿಯಲ್ಲೇ ಗ್ರೀಕರ ಶಾಲೆಯ ಬಗೆಗಿನ ಭಾಷಣ ಹೇಳಿಸಿದರು. ದಾರಿ ಪಕ್ಕದ ನದಿಯ ಬಾತುಕೋಳಿಗಳಿಗೂ ಅದು ಕಂಠಪಾಠವಾಗಿರಬೇಕು!

ಆ ದಿನ ವೇದಿಕೆ ಹತ್ತಿದವಳು ಮೊದಲು ಅಜ್ಜ ಎಲ್ಲಿ ಕೂತಿದ್ದಾರೆಂದು ಹುಡುಕಿದಳು. ಆಮೇಲೆ ಶುರುವಾಯಿತು ನೋಡಿ, ತಡೆಯೇ ಇಲ್ಲ! ಗ್ರೀಕರ ಶಾಲೆಯನ್ನೆಲ್ಲ ವರ್ಣಿಸಿ, ಅಜ್ಜ ಕಲಿಸದ ಒಂದು ಮಾತನ್ನು ತಾನೇ ಓದಿ ತಿಳಿದು ಕೊನೆಗೆ ಸೇರಿಸಿದ್ದಳು. ಅಥೆನ್ಸಿನ ಹುಡುಗಿಯರನ್ನು ಶಾಲೆಗೆ ಕಳಿಸುತ್ತಿರಲಿಲ್ಲ ಎಂದು ಹೇಳಿ, "ಬಟ್ ಐ ಗೋ ಎವ್ರಿ ಡೇ, ವಿತ್ ಮೈ ಅಜ್ಜ" ಎಂದಳು. ಎಲ್ಲರಿಗಿಂತ ಜೋರಾಗಿ ನಾನೇ ಚಪ್ಪಾಳೆ ತಟ್ಟಿದೆ. ಪಕ್ಕಕ್ಕೆ ತಿರುಗಿದರೆ ಮಾವನವರು ಚೀಲ ಅಪ್ಪಿಕೊಂಡು ಅಳುತ್ತಿದ್ದರು.

"ನನ್ನ ತಂಗಿಗೆ ಸಾಲಿ ದೂರ ಇತ್ತವಾ" ಎಂದರು. "ಆಕೀ ಜೋಡಿ ಹೋಗು ಅಂತ ಅಪ್ಪ ನನಗ ಹೇಳಿದ್ದ. ಹುಡುಗೀದು ಚೀಲ ಹೊತ್ರ ಗೆಳ್ಯಾರು ನಗತಾರಂತ ನಾ ಒಲ್ಲೆ ಅಂದೆ. ನಾಕನೇ ಕ್ಲಾಸಿಗೆ ಆಕೀನ್ನ ಸಾಲಿ ಬಿಡಿಸಿಬಿಟ್ರು."

ಮನೆಗೆ ಬಂದವರೇ ಧಾರವಾಡದ ತಂಗಿಗೆ ಫೋನ್ ಹಚ್ಚಿ ಮೊಮ್ಮಗಳ ಕೈಗೆ ಕೊಟ್ಟರು. ಅವಳು ಇಡೀ ಭಾಷಣವನ್ನು ಇಂಗ್ಲಿಷಿನಲ್ಲೇ ಒಪ್ಪಿಸಿದಳು. ಇಂಗ್ಲಿಷಿನ ಒಂದಕ್ಷರವೂ ಬಾರದ ಆ ಅಜ್ಜಿ ಕೊನೆಯವರೆಗೂ ಕೇಳಿಸಿಕೊಂಡರು.

"ಇನ್ನೊಮ್ಮೆ ಹೇಳವಾ" ಎಂದರು.