ಡೀಸೆಲ್ ಪಂಕಿಗೆ ಬೇಕಾದ ಕರಿಹೊಗೆ

ನನಗೊಂದು ಕೆಟ್ಟ ಚಾಳಿಯಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ರಸ್ತೆಯಲ್ಲಿ ಹೋಗುವಾಗ ಉಳಿದವರು ಅಂಗಡಿ ನೋಡುತ್ತಾರೆ, ಜನರನ್ನು ನೋಡುತ್ತಾರೆ; ನಾನು ಹೊಗೆ ನೋಡುತ್ತೇನೆ. ಮುಂದೆ ಹೋಗುವ ಲಾರಿ ಕಪ್ಪು ಹೊಗೆ ಬಿಟ್ಟರೆ ಅದರ ಇಂಜೆಕ್ಟರ್ ಕೆಟ್ಟಿದೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿಕೊಂಡಿದೆ. ನೀಲಿ ಹೊಗೆಯಾದರೆ ಪಿಸ್ಟನ್ ರಿಂಗು ಸವೆದು ಆಯಿಲ್ ಉರಿಯುತ್ತಿದೆ. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಡೀಸೆಲ್ ಎಂಜಿನ್ನು, ಜನರೇಟರುಗಳನ್ನು ಬಿಚ್ಚಿ ಜೋಡಿಸಿ ಫೋರ್‌ಮನ್ ಆದವನಿಗೆ ಹೊಗೆ ಎಂದರೆ ವೈದ್ಯನಿಗೆ ಜ್ವರ ಇದ್ದ ಹಾಗೆ, ಕಂಡರೆ ಸುಮ್ಮನಿರಲಾಗುವುದಿಲ್ಲ. ಒಮ್ಮೆ ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲಿ ಹೆಂಡತಿಯನ್ನು ಸ್ಕೂಟರಿನ ಮೇಲೆಯೇ ಬಿಟ್ಟು, ಇಳಿದು ಹೋಗಿ, ಒಬ್ಬ ಟೆಂಪೋ ಡ್ರೈವರನಿಗೆ ಏರ್ ಫಿಲ್ಟರಿನ ಬಗ್ಗೆ ಬುದ್ಧಿ ಹೇಳುತ್ತಿದ್ದೆ. ಅಷ್ಟರಲ್ಲಿ ಸಿಗ್ನಲ್ ಹಸಿರಾಯಿತು. ಆಮೇಲೆ ಹಿಂದಿದ್ದವರೆಲ್ಲ ಸೇರಿ ನನಗೆ ಬುದ್ಧಿ ಹೇಳಿದರು. ಅವರು ಬಳಸಿದ ಪದಗಳನ್ನು ಇಲ್ಲಿ ಬರೆಯುವಂತಿಲ್ಲ.

ಇಂಥ ನನ್ನ ಬಳಿಗೆ, ‘ಮಾಮ, ಕಪ್ಪು ಹೊಗೆ ಬೇಕಿತ್ತಲ್ಲ’ ಎಂದು ಕೇಳಿಕೊಂಡು ಬಂದವಳು ನನ್ನ ಅಕ್ಕನ ಮಗಳು. ಹೆಸರು ಸಹನಾ. ಆ ಹೆಸರಿನ ಗುಣ ಬೇಕಾಗಿರುವುದು ಅವಳಿಗಲ್ಲ, ಅವಳ ಸುತ್ತ ಇರುವವರಿಗೆ. ಚಿತ್ರಕಲೆ ಓದಿ, ಪಟ್ಟಂದೂರು ಅಗ್ರಹಾರದ ಕಡೆ ಒಂದು ಗೇಮ್ ಕಂಪನಿಯಲ್ಲಿ ಚಿತ್ರ ಬರೆಯುವ ಕೆಲಸದಲ್ಲಿದ್ದಳು. ಮೂರು ವರ್ಷ ಅವಳು ಬರೆದದ್ದು ಬರೀ ಹಣ್ಣು. ಮೊಬೈಲಿನಲ್ಲಿ ಒಂದೇ ಥರದ ಮೂರು ಹಣ್ಣು ಜೋಡಿಸಿದರೆ ‘ಟಪ್’ ಎಂದು ಒಡೆಯುವ ಆಟವಿರುತ್ತದಲ್ಲ, ಅದಕ್ಕೆ. ನಮ್ಮ ಮನೆಗೆ ಬಂದಾಗ ನನ್ನ ಹೆಂಡತಿ ಸುಮಿತ್ರ ಮಾವಿನಹಣ್ಣು ಹೆಚ್ಚಿ ಕೊಟ್ಟರೆ ಮುಖ ತಿರುಗಿಸುತ್ತಿದ್ದಳು.

ಒಂದು ಭಾನುವಾರ ಬೆಳಗ್ಗೆ ಲಗ್ಗೆರೆಯ ನಮ್ಮ ಮನೆಗೆ ಲ್ಯಾಪ್‌ಟಾಪ್ ಹೊತ್ತು ಬಂದವಳೇ, “ಮಾಮ, ನನಗೆ ಹೊಸ ಪ್ರಾಜೆಕ್ಟ್ ಕೊಟ್ಟಿದಾರೆ. ಡೀಸೆಲ್ ಪಂಕ್” ಎಂದಳು.

“ಯಾವ ಬಂಕಮ್ಮ? ಗೊರಗುಂಟೆಪಾಳ್ಯದ್ದಾ?” ಎಂದೆ.

“ಬಂಕ್ ಅಲ್ಲ ಮಾಮ, ಪಂಕ್.”

ಒಳಗಿನಿಂದ ಸುಮಿತ್ರ, “ಪಂಕ ಅಂದ್ರೆ ಕೆಸರು ಕಣ್ರೀ. ನಿಮ್ಮ ಪ್ಯಾಂಟಲ್ಲಿ ದಿನಾ ಇರುತ್ತಲ್ಲ, ಅದೇ” ಎಂದಳು. ಬಟ್ಟೆ ಒಗೆಯುವವಳು ಅವಳಾದ್ದರಿಂದ ನಾನು ವಾದಿಸಲಿಲ್ಲ.

ಸಹನಾ ವಿವರಿಸಿದಳು. ಇದು ಕಥೆಗಳಲ್ಲಿ, ಗೇಮುಗಳಲ್ಲಿ ಇರುವ ಒಂದು ಬಗೆಯಂತೆ. ಎರಡು ಮಹಾಯುದ್ಧಗಳ ನಡುವಿನ ಕಾಲದ ಮಷೀನುಗಳೇ ಬೆಳೆಯುತ್ತ ಬೆಳೆಯುತ್ತ ಹೋಗಿ, ಕಂಪ್ಯೂಟರ್ ಗಿಂಪ್ಯೂಟರ್ ಬರದೇ ಇದ್ದಿದ್ದರೆ ಪ್ರಪಂಚ ಹೇಗಿರುತ್ತಿತ್ತು ಎಂಬ ಕಲ್ಪನೆ. ಎಲ್ಲ ಕಡೆ ಕಬ್ಬಿಣ, ರಿವೆಟ್ಟು, ಗ್ರೀಸು, ಹೊಗೆ. ಆಕಾಶದಲ್ಲಿ ಹಡಗು, ನೆಲದ ಮೇಲೆ ಡೀಸೆಲ್ ಕುಡಿದು ನಡೆಯುವ ಉಕ್ಕಿನ ದೈತ್ಯರು. ಹಳೆಯ ಕಾಲದವರು ಕಂಡ ಭವಿಷ್ಯ ಎನ್ನಿ.

“ಇದರಲ್ಲಿ ಕಲ್ಪನೆ ಏನು ಬಂತು? ಪೀಣ್ಯ ಎರಡನೇ ಹಂತಕ್ಕೆ ಬಾ, ಹಿಂಗೇ ಇದೆ” ಎಂದೆ.

“ಅದಕ್ಕೇ ಬಂದಿರೋದು ಮಾಮ!” ಎಂದು ಲ್ಯಾಪ್‌ಟಾಪ್ ತೆರೆದಳು. ಅವಳು ಬರೆದ ದೈತ್ಯ ನಿಜಕ್ಕೂ ಭರ್ಜರಿಯಾಗಿದ್ದ. ಐದು ಅಂತಸ್ತಿನ ಎತ್ತರ, ಎದೆಯ ಮೇಲೆ ಗಾಜಿನ ಕಿಟಕಿ, ಬೆನ್ನಿನ ಮೇಲೆ ಆರು ಸೈಲೆನ್ಸರು. ಚೆನ್ನಾಗಿದೆ ಎಂದಿದ್ದರೆ ಮುಗಿದಿತ್ತು. ನಾನು ಕನ್ನಡಕ ಹಾಕಿಕೊಂಡೆ. ಸೈಲೆನ್ಸರು ಆರಿವೆ, ಗಾಳಿ ಒಳಗೆ ಹೋಗುವುದಕ್ಕೆ ಒಂದು ದಾರಿಯೂ ಇಲ್ಲ. ರೇಡಿಯೇಟರ್ ಇಲ್ಲ. ಮೊಣಕಾಲಿನ ಹತ್ತಿರ ಮೂರು ಗೇರುಗಳು ಒಂದಕ್ಕೊಂದು ಕಚ್ಚಿಕೊಂಡು ತ್ರಿಕೋನವಾಗಿ ಕೂತಿವೆ. ಹಾಗೆ ಕೂತರೆ ಒಂದೂ ತಿರುಗುವುದಿಲ್ಲ. ಡೀಸೆಲ್ ಟ್ಯಾಂಕು ಎಲ್ಲಿ ಎಂದರೆ, “ತೋರಿಸಬೇಕಾಗಿಲ್ಲ ಮಾಮ, ಒಳಗೆ ಎಲ್ಲೋ ಇರುತ್ತೆ” ಎಂದಳು. ಎಲ್ಲೋ ಇರುವುದಕ್ಕೆ ಅದೇನು ಮನೆಯ ಬೀಗದ ಕೈಯೇ? ಒಂದು ಗಂಟೆ ನಾನು ಆ ದೈತ್ಯನ ರಿಪೇರಿ ಮಾಡಿದೆ. ಕೊನೆಗೆ ಅವಳ ಕಣ್ಣಲ್ಲಿ ನೀರು ನಿಂತಿದ್ದು ಕಂಡು ಬಾಯಿ ಮುಚ್ಚಿದೆ.

ಆಗ ಗೊತ್ತಾಯಿತು. ಎರಡು ವಾರದಲ್ಲಿ ಈ ಗೇಮಿಗೆ ಹಣ ಹಾಕುವ ಹೊರದೇಶದವರು ನೋಡಲು ಬರುತ್ತಾರೆ. ಅವರಿಗೆ ಹಿಡಿಸಿದರೆ ಗೇಮ್ ಮುಂದುವರಿಯುತ್ತದೆ. ಹಿಡಿಸದಿದ್ದರೆ ತಂಡ ಚದುರುತ್ತದೆ, ಇವಳು ಮತ್ತೆ ಹಣ್ಣಿಗೆ. “ನಿಜವಾದ ಎಂಜಿನ್ನಿನ ಸದ್ದು, ಫೋಟೋ ಸಿಕ್ಕಿದ್ರೆ ಸಾಕು ಮಾಮ. ಇನ್ನೊಂದು ಬಾಳೆಹಣ್ಣು ಬರಿಯೋಕೆ ನನ್ ಕೈಲಾಗಲ್ಲ” ಎಂದಳು.

ನಮ್ಮ ವರ್ಕ್‌ಶಾಪಿನ ಶೆಡ್ಡಿನ ಮೂಲೆಯಲ್ಲಿ, ಮಾಕಳಿಯ ಕಡೆಯ ಮುಚ್ಚಿಹೋದ ಅಕ್ಕಿ ಗಿರಣಿಯಿಂದ ಬಂದ ಒಂದು ಹಳೆಯ ಎಂಜಿನ್ನಿತ್ತು. ಒಂದೇ ಸಿಲಿಂಡರು, ಪಕ್ಕದಲ್ಲಿ ಫ್ಲೈವೀಲು ಎಂಬ ಆಳೆತ್ತರದ ಕಬ್ಬಿಣದ ಚಕ್ರ. ಶನಿವಾರ ನಿಮ್ಮ ಆಫೀಸಿನವರನ್ನು ಕರೆದುಕೊಂಡು ಬಾ ಎಂದೆ. ಹುಡುಗಿಯ ಮರ್ಯಾದೆಯ ಪ್ರಶ್ನೆ ಎಂದುಕೊಂಡು, ನಾನು ಮತ್ತು ನಮ್ಮ ಫಿಟ್ಟರ್ ಬಸಪ್ಪ ಐದು ದಿನ ದುಡಿದೆವು. ಬಸಪ್ಪ ಕೊಪ್ಪಳದ ಕಡೆಯವನು, ಹದಿನೈದು ವರ್ಷದಿಂದ ನನ್ನ ಜೊತೆಗಿದ್ದಾನೆ. ಬೋಲ್ಟು ಮುಟ್ಟಿ ನೋಡಿ ಎಷ್ಟು ಬಿಗಿಯಾಗಿದೆ ಎಂದು ಹೇಳಬಲ್ಲವನು. ಎಂಜಿನ್ನನ್ನು ಬಿಚ್ಚಿದೆವು, ಸೀಮೆಎಣ್ಣೆಯಲ್ಲಿ ತೊಳೆದೆವು, ತುಕ್ಕು ಉಜ್ಜಿದೆವು, ಡೀಸೆಲ್ ಸರಿಯಾದ ಗಳಿಗೆಗೆ ಚಿಮ್ಮುವಂತೆ ಟೈಮಿಂಗ್ ಕೂರಿಸಿದೆವು. ಕೊನೆಗೆ ಎಲೆಹಸಿರು ಬಣ್ಣ ಬಳಿದು, ಫ್ಲೈವೀಲಿಗೆ ಕೆಂಪು ಅಂಚು ಕೊಟ್ಟು, ಚೆಂಡುಹೂವಿನ ಹಾರ ಹಾಕಿದೆವು. ಗುಜರಿಯನ್ನೆಲ್ಲ ಹಿತ್ತಲಿಗೆ ಸಾಗಿಸಿ ಟಾರ್ಪಾಲು ಮುಚ್ಚಿದೆವು. ಬಸಪ್ಪ ಎರಡು ಹೆಜ್ಜೆ ಹಿಂದೆ ನಿಂತು ನೋಡಿ, “ಮದುಮಗ ಕಂಡಂಗ ಕಾಣಾಕತ್ತೈತ್ರಿ” ಎಂದ.

ಶನಿವಾರ ಸಹನಾ ತನ್ನ ತಂಡದ ಮುಖ್ಯಸ್ಥ ನಿಖಿಲ್ ಎಂಬವನನ್ನು ಕರೆತಂದಳು. ಉದ್ದ ಗಡ್ಡ, ಕುತ್ತಿಗೆಯಲ್ಲಿ ಹೆಡ್‌ಫೋನು, ಕೈಯಲ್ಲಿ ಮೈಕು. ಒಳಗೆ ಬಂದವಳು ಮದುಮಗನನ್ನು ನೋಡಿ ಅಲ್ಲೇ ನಿಂತಳು.

“ಮಾಮ, ತುಕ್ಕು ಎಲ್ಲಿ?”

“ತೆಗೆದ್ವಲ್ಲ!” ಎಂದೆ ಹೆಮ್ಮೆಯಿಂದ.

“ಅಯ್ಯೋ ಮಾಮ, ನಮಗೆ ಬೇಕಾಗಿದ್ದೇ ಅದು!”

ಐದು ದಿನ ಉಜ್ಜಿದ ನನ್ನ ಭುಜ ಆಗ ಒಮ್ಮೆಲೇ ನೋಯತೊಡಗಿತು. ನಿಖಿಲ್ ಅಷ್ಟರಲ್ಲಿ ಹಿತ್ತಲಿಗೆ ಹೋಗಿ ಟಾರ್ಪಾಲು ಎತ್ತಿದ್ದ. “ಸಕ್ಕತ್! ಗುರು, ಏನ್ ಟೆಕ್ಸ್ಚರ್ ಇದು!” ಎಂಬ ಕೂಗು ಕೇಳಿಸಿತು. ಓಡಿ ಹೋಗಿ ನೋಡಿದರೆ, ಯಾರ ಕಣ್ಣಿಗೂ ಬೀಳಬಾರದೆಂದು ನಾನು ಮುಚ್ಚಿಟ್ಟದ್ದನ್ನೆಲ್ಲ ಒಂದೊಂದಾಗಿ ಫೋಟೋ ತೆಗೆಯುತ್ತಿದ್ದಾನೆ. ಒಡೆದ ಸಿಲಿಂಡರ್ ಹೆಡ್ಡು, ಆಯಿಲ್ ಕುಡಿದ ನೆಲ, ನಮ್ಮ ಕಕ್ಕಸಿನ ತುಕ್ಕು ಹಿಡಿದ ಬಾಗಿಲು. ಆಮೇಲೆ ಬಸಪ್ಪನ ಕೈಗೆ ದೊಡ್ಡ ಸ್ಪ್ಯಾನರ್ ಕೊಟ್ಟು ಗೋಡೆಗೆ ನಿಲ್ಲಿಸಿ, “ಅಣ್ಣ, ಸ್ವಲ್ಪ ಸಿಟ್ಟಾಗಿ ನೋಡಿ” ಎಂದ. ಬಸಪ್ಪ ಗಾಬರಿಯಿಂದ, “ಯಾರ ಮ್ಯಾಲ್ರಿ?” ಎಂದು ಕೇಳಿದ. ನಾನಿದ್ದೇನಲ್ಲ ಎನ್ನೋಣ ಎನಿಸಿತು.

ಎಂಜಿನ್ ಚಾಲೂ ಮಾಡಿದರೆ ನನ್ನ ಬೆಲೆ ಗೊತ್ತಾಗುತ್ತದೆ ಎಂದುಕೊಂಡೆ. ಬಸಪ್ಪ ಹ್ಯಾಂಡಲ್ ತಿರುಗಿಸಿದ. ಟುಕ್, ಟುಕ್, ಟುಕ್. ಹೊಲಿಗೆ ಯಂತ್ರದಂತೆ, ಮೇಲಿಟ್ಟ ಟೀ ಲೋಟ ಅಲುಗದಷ್ಟು ಸೊಗಸಾಗಿ ಓಡಿತು. ಹೊಗೆಯೇ ಇಲ್ಲ. ನಿಖಿಲ್ ಹೆಡ್‌ಫೋನ್ ಕಿವಿಯಿಂದ ತೆಗೆದು, “ಸಾರ್, ಇದು ಮುದ್ದಾಗಿದೆ. ಸ್ವಲ್ಪ ಭಯ ಆಗೋ ಹಾಗೆ ಓಡಿಸಕ್ಕಾಗಲ್ವಾ?” ಎಂದ. ಭಯವಾಗುವ ಹಾಗೆ ಓಡುವ ಎಂಜಿನ್ನುಗಳನ್ನು ಜನ ನಮ್ಮ ಹತ್ತಿರ ತರುವುದೇ ಹೀಗೆ ಓಡಿಸಿಕೊಳ್ಳಲು ಎಂದು ಇವನಿಗೆ ಹೇಗೆ ಹೇಳುವುದು? ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಸಹನಾ ನೆಲ ನೋಡುತ್ತಿದ್ದಳು. ಅವಳ ತಲೆಯ ಮೇಲೆ ಬಾಳೆಹಣ್ಣಿನ ಗೊನೆ ತೂಗುತ್ತಿರುವುದು ನನಗೆ ಕಂಡಿತು.

“ಬಸಪ್ಪ, ಇಂಜೆಕ್ಷನ್ ಟೈಮಿಂಗ್ ಹಿಂದಕ್ಕೆ ತಿರುಗಿಸು. ಗಾಳಿ ಎಳೆಯೋ ಬಾಯಿಗೆ ಬನಿಯನ್ ಬಟ್ಟೆ ತುರುಕು. ಡೀಸೆಲ್ ಜಾಸ್ತಿ ಬಿಡು” ಎಂದೆ.

ಬಸಪ್ಪ ನನ್ನ ಮುಖ ನೋಡಿದ. “ಆರಾಮ ಅದೀರಿಲ್ರೀ? ಕೈಯಾರೆ ಕೆಡಸಂತೀರಿ?”

“ಕೆಡಿಸು ಮಾರಾಯ!”

ಅವನು ಎಂಜಿನ್ನಿಗೆ ಕೈಮುಗಿದು ಕೆಡಿಸಿದ. ಮತ್ತೆ ಚಾಲೂ ಮಾಡಿದಾಗ ಅದು ಕೆಮ್ಮಿತು, ಕ್ಯಾಕರಿಸಿತು, ಬುಡಸಮೇತ ನಡುಗುತ್ತ ‘ಧಡ್ ಧಡಾರ್’ ಎಂದು ಹೊಡೆದುಕೊಂಡಿತು. ಎಮ್ಮೆಯಂಥ ಕರಿಹೊಗೆ ಎದ್ದು ಶೆಡ್ಡು ತುಂಬಿತು. ಹೊಸ ಹಸಿರು ಬಣ್ಣದ ಮೇಲೆ ಮಸಿ ಕೂತಿತು, ಚೆಂಡುಹೂವು ಕಪ್ಪಾಯಿತು. ನಿಖಿಲ್ ಮೈಕು ಹಿಡಿದು ಕುಣಿಯುತ್ತಿದ್ದ. ಸಹನಾ ಕೆಮ್ಮುತ್ತ ನಗುತ್ತಿದ್ದಳು.

ನಮ್ಮ ಮಾಲೀಕರು ರುದ್ರಮೂರ್ತಿಯವರು ಒಳಗೆ ಬಂದದ್ದು ಆ ಹೊತ್ತಿಗೆ. ಒಬ್ಬರೇ ಬಂದಿದ್ದರೆ ಬೈಸಿಕೊಂಡು ಮುಗಿಯುತ್ತಿತ್ತು. ಜೊತೆಗೆ ಒಂದು ಕಲ್ಯಾಣ ಮಂಟಪದ ಯಜಮಾನರಿದ್ದರು. ಅವರ ಜನರೇಟರನ್ನು ನಾವು ರಿಪೇರಿ ಮಾಡುವುದೆಂದು ಮಾತಾಗಿ, ನಮ್ಮ ಕೆಲಸದ ಅಚ್ಚುಕಟ್ಟು ತೋರಿಸಲು ಮಾಲೀಕರು ಕರೆತಂದಿದ್ದರು.

“ಏನ್ರೀ ಇದು?” ಎಂದು ಮಾಲೀಕರು ಹೊಗೆಯೊಳಗಿಂದ ಗುಡುಗಿದರು.

ನನಗೆ ತಕ್ಷಣ ಹೊಳೆದದ್ದು, “ಸಾರ್, ಇದು ಕಲೆ” ಎಂಬ ಒಂದೇ ಮಾತು.

ಮಂಟಪದ ಯಜಮಾನರು ಶಲ್ಯದಿಂದ ಮೂಗು ಮುಚ್ಚಿಕೊಂಡು, “ಸ್ವಾಮಿ, ಇಂಥದ್ದನ್ನ ನಮ್ಮಲ್ಲಿಟ್ರೆ ಹೋಮದ ಹೊಗೆ ಯಾವುದು, ಇದರದ್ದು ಯಾವುದು ಅಂತ ಪುರೋಹಿತರಿಗೂ ತಿಳಿಯಲ್ಲ” ಎಂದು ಹೊರಟೇಹೋದರು. ಮುಂದಿನ ಸೋಮವಾರ ನಾನೂ ಬಸಪ್ಪನೂ ಅವರ ಮಂಟಪಕ್ಕೇ ಹೋಗಿ, ಕಾಲು ಹಿಡಿಯುವುದೊಂದು ಬಾಕಿ ಉಳಿಸಿ, ಕೆಲಸ ವಾಪಸು ತಂದೆವು. ಮಾಲೀಕರು ಮಾತ್ರ ಹತ್ತು ದಿನ ನನ್ನೊಂದಿಗೆ ನೇರವಾಗಿ ಮಾತಾಡಲಿಲ್ಲ. ನಾನು ಎದುರಿಗೇ ಇದ್ದರೂ, “ಬಸಪ್ಪ, ನಿಮ್ ಕಲಾವಿದ್ರಿಗೆ ಹೇಳು” ಎನ್ನುತ್ತಿದ್ದರು.

ಎರಡು ವಾರ ಕಳೆದು ಸಹನಾಳ ಫೋನು ಬಂತು. ಹೊರದೇಶದವರು ಒಪ್ಪಿದ್ದರು. ಆ ಸದ್ದು ಕೇಳಿ ಕುರ್ಚಿಯಲ್ಲಿ ಹಿಂದಕ್ಕೆ ಸರಿದರಂತೆ. “ಇನ್ ಹಣ್ಣಿಲ್ಲ ಮಾಮ!” ಎಂದು ಅವಳು ಅಳುತ್ತಲೇ ಹೇಳಿದಳು. ಆಟ ನೋಡಲು ಬರಲೇಬೇಕು ಎಂದಳು. ಎರಡು ಬಸ್ಸು ಬದಲಾಯಿಸಿ, ಲಗ್ಗೆರೆಯಿಂದ ಅವಳ ಆಫೀಸು ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ತಣ್ಣನೆಯ ಎ.ಸಿ. ಕೋಣೆಯಲ್ಲಿ ಅಷ್ಟು ದೊಡ್ಡ ಪರದೆಯ ಮೇಲೆ ದೈತ್ಯ ಎದ್ದು ನಿಂತ. ಅವನ ಎದೆಯೊಳಗಿಂದ ನಮ್ಮ ಎಂಜಿನ್ನಿನ ಧಡ್ ಧಡಾರ್ ಕೇಳಿತು. ನಮ್ಮವನೊಬ್ಬ ರಜೆಗಾಗಿ ಜ್ವರದ ನಾಟಕವಾಡುತ್ತಿರುವುದನ್ನು ಕದ್ದು ಕೇಳಿದಂತಾಯಿತು. ಬೆನ್ನಿನ ಮೇಲೆ ಗಾಳಿ ಎಳೆಯುವ ಕೊಳವೆ ಬಂದಿತ್ತು, ರೇಡಿಯೇಟರೂ ಬಂದಿತ್ತು. ಎರಡು ಸಲ ಕನ್ನಡಕ ಒರೆಸಿಕೊಂಡೆ.

“ನೀವೇ ಓಡಿಸಿ ಸಾರ್” ಎಂದು ನಿಖಿಲ್ ಕೀಲಿಮಣೆ ಮುಂದಕ್ಕೆ ತಳ್ಳಿದ. ನಾನು ಎಂಜಿನ್ ಚಾಲೂ ಮಾಡಿ ಕೈಕಟ್ಟಿ ಕೂತೆ. ಎದುರಿನಿಂದ ಶತ್ರುಗಳ ಟ್ಯಾಂಕುಗಳು ಬರತೊಡಗಿದವು.

“ಮಾಮ, ಮುಂದಕ್ಕೆ ಹೋಗಿ!”

“ತಾಳಮ್ಮ.”

“ಗುಂಡು ಹೊಡೀತಿದಾರೆ ಮಾಮ!”

“ಹೊಡೀಲಿ. ತಣ್ಣಗಿರೋ ಎಂಜಿನ್ ಮೇಲೆ ಯಾರಾದ್ರೂ ಲೋಡ್ ಹಾಕ್ತಾರಾ? ಐದು ನಿಮಿಷ ಓಡಲಿ, ಆಯಿಲ್ ಮೇಲಕ್ಕೆ ಏರಲಿ.”

ನನ್ನ ದೈತ್ಯ ಒಂದು ಹೆಜ್ಜೆಯನ್ನೂ ಇಡದೆ ಸತ್ತ. ಎರಡನೇ ಸಲವೂ ಹಾಗೆಯೇ. ಎಂಟನೇ ಸಲಕ್ಕೆ ಸುತ್ತ ನಿಂತ ಇಡೀ ಆಫೀಸು ನಗುತ್ತಿತ್ತು. ನಿಖಿಲ್ ಮಾತ್ರ ನಗಲಿಲ್ಲ. ಗಡ್ಡ ನೀವಿಕೊಳ್ಳುತ್ತ ಏನೋ ಬರೆದುಕೊಂಡ. ಏನು ಬರೆದುಕೊಂಡನೆಂದು ತಿಳಿದದ್ದು ಗೇಮ್ ಹೊರಬಂದ ಮೇಲೆ, ಸಹನಾ ಫೋನ್ ಮಾಡಿದಾಗ.

“ಮಾಮ, ಬೇಜಾರ್ ಮಾಡ್ಕೋಬೇಡಿ. ನಿಮ್ ಮಾತು ಕೇಳಿ ನಿಖಿಲ್, ಎಂಜಿನ್ ಬಿಸಿಯಾಗೋ ತನಕ ದೈತ್ಯ ನಡೆಯೋ ಹಾಗಿಲ್ಲ ಅಂತ ರೂಲ್ ಮಾಡಿದ್ರು. ಇಪ್ಪತ್ತು ಸೆಕೆಂಡು. ಆಡೋರೆಲ್ಲ ಬೈತಿದಾರೆ. ‘ಇದನ್ನ ಹಾಕಿಸಿದ ಪುಣ್ಯಾತ್ಮ ಯಾರು, ಅವನ ಅಡ್ರೆಸ್ ಕೊಡಿ’ ಅಂತ ಒಬ್ಬ ಬರ್ದಿದಾನೆ. ಅದಕ್ಕೆ ಐದು ಸೆಕೆಂಡಿಗೆ ಇಳಿಸ್ತಿದೀವಿ.”

“ಐದು ಸೆಕೆಂಡಾ? ಆಯಿಲ್ ಏರದೆ ಬೇರಿಂಗ್ ಹಿಡ್ಕೊಳ್ಳುತ್ತೆ ಕಣಮ್ಮ!” ಎಂದು ಬೀದಿಗೆ ಕೇಳುವಂತೆ ಕೂಗಿದೆ.

ಸುಮಿತ್ರ ಸೌಟು ಹಿಡಿದು ಹೊರಗೆ ಬಂದು, “ಯಾರ ಎಂಜಿನ್ರೀ?” ಎಂದಳು.

“ಯಾರದೂ ಅಲ್ಲ” ಎಂದೆ. ನಿಜವನ್ನೇ ಹೇಳಿದ್ದೆ. ಆದರೂ, ಎಲ್ಲೂ ಇಲ್ಲದ ಆ ಬೇರಿಂಗಿನ ಯೋಚನೆಯಲ್ಲಿ ಆ ದಿನ ನನಗೆ ಊಟ ಸೇರಲಿಲ್ಲ.