ಗರಡಿಯ ಹುಣ್ಣು ಮತ್ತು ನರ್ಸಬಾಯಿ

ಗರಡಿಮನೆಯ ಎದುರಿಗೆ ಶಾಲೆ ಇದ್ದರೆ ಮಾಸ್ತರನಾದವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಅಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಹೋದ ವರ್ಷ ಮಾತ್ರ ನಗುವಂಥದ್ದೇನೂ ನಡೆಯಲಿಲ್ಲ. ಅಲ್ಲಿ ಕುಸ್ತಿ ಹಿಡಿಯುತ್ತಿದ್ದ ನನ್ನ ತಮ್ಮನ ತೊಡೆಯಲ್ಲಿ ಹುಣ್ಣೆದ್ದು, ನಂಜು ರಕ್ತಕ್ಕೇರಿ ಅವನು ತೀರಿಕೊಂಡ. ಅದು ಸಾಮಾನ್ಯ ಔಷಧಕ್ಕೆ ಬಗ್ಗದ ರೋಗಾಣು, ಮೈಯಿಂದ ಮೈಗೆ, ಟವೆಲ್ಲಿನಿಂದ ಮೈಗೆ ಹಬ್ಬುತ್ತದೆ ಎಂದರು ಡಾಕ್ಟರು. ಈ ವರ್ಷ ಅಲ್ಲಿಯ ಮೂವರು ಪೈಲ್ವಾನರಿಗೆ ಅಂಥದೇ ಹುಣ್ಣು ಎದ್ದಾಗ ಆರೋಗ್ಯ ಕೇಂದ್ರದ ನರ್ಸಬಾಯಿಯನ್ನು ನಾನೇ ನಮ್ಮ ಶಾಲೆಯ ಕಟ್ಟೆಗೆ ಕರೆತಂದೆ.

೧. ಪಾಲು

ಕೀವಿನ ಪರೀಕ್ಷೆಯಾಗಿ, ಆ ರೋಗಾಣುವಿಗೆ ತಾಗುವ ಗುಳಿಗೆಗಳು ಬಂದವು. ನಡುವೆ ಬಿಡದೆ ಪೂರ್ತಿ ನುಂಗಬೇಕೆಂದು ನರ್ಸಬಾಯಿ ಮೂವರಿಗೂ ಬಿಡಿಸಿ ಹೇಳಿದರು. ಮರುದಿನವೇ ಒಬ್ಬನ ಗುಳಿಗೆ ಖಾಲಿ.

"ಇಷ್ಟ ಲಗೂ ಹೆಂಗ ಮುಗದ್ವೋ?" ಎಂದರು ನರ್ಸಬಾಯಿ.

"ಹಂಚಿದ್ನಿರಿ. ಗರಡಿಯೊಳಗ ಬದಾಮಿ ಬಂದ್ರೂ ಎಲ್ಲಾರಿಗೂ ಪಾಲ ಹಾಕ್ತೇವಿ. ಒಬ್ಬನ ತಿಂದ್ರ ಮೈಗೆ ಹತ್ತಂಗಿಲ್ರಿ."

"ಕುಸ್ತಿ ಕಲಿಸೋ ವಸ್ತಾದರಿಗೂ ಕೊಟ್ಟಿಯೇನು? ಅವರಿಗೆ ಹುಣ್ಣ ಇಲ್ಲಲ್ಲೋ!"

"ಅವರಿಗೆ ಎರಡ ಪಾಲ ಕೊಟ್ಟೇನ್ರಿ. ಹಿರೇರಲ್ರಿ."

೨. ಟವೆಲ್ಲು

ಕುಸ್ತಿ ಮುಗಿದ ಮೇಲೆ ಗೆದ್ದವನು ಸೋತವನ ಬೆವರನ್ನು ತನ್ನ ಟವೆಲ್ಲಿನಿಂದಲೇ ಒರೆಸುವುದು ಅಲ್ಲಿಯ ಪದ್ಧತಿ. ಇನ್ನು ಅದು ಬೇಡ, ಒಬ್ಬೊಬ್ಬರಿಗೆ ಒಂದೊಂದು ಟವೆಲ್ಲು ಎಂದರು ನರ್ಸಬಾಯಿ. ಕೆಲವು ದಿನ ಬಿಟ್ಟು ನಾನು ಹೋಗಿ ನೋಡಿದರೆ, ಗೋಡೆಯ ಮೊಳೆಗಳಿಗೆ ಹೊಸ ಟವೆಲ್ಲುಗಳು ಸಾಲಾಗಿ ತೂಗುತ್ತಿದ್ದವು. ಪೈಲ್ವಾನರೆಲ್ಲ ವಸ್ತಾದರ ಹಳೆಯ ಧೋತರಕ್ಕೇ ಮೈ ಒರೆಸಿಕೊಳ್ಳುತ್ತಿದ್ದರು.

"ಟವೆಲ್ ಯಾಕ ಮುಟ್ಟಂಗಿಲ್ಲೋ?" ಎಂದೆ.

"ಹೊಸಾವು ಅದಾವಲ್ರಿ ಸರ, ಹೊಲಸಾಗ್ತಾವು."

೩. ಹೊಸ್ತಿಲು

ಹುಣ್ಣು ಒಣಗುವವರೆಗೆ ಕುಸ್ತಿ ಇಲ್ಲ ಎಂದು ನರ್ಸಬಾಯಿ ಹೇಳಿದ ಮರುಗಳಿಗೆಯಿಂದ ಮೂವರೂ "ಹುಣ್ಣ ಆರೇತ್ರಿ" ಎನ್ನತೊಡಗಿದರು. ನನ್ನ ತಮ್ಮನೂ ಹೀಗೇ ಅಂದಿದ್ದ. ಕಣ್ಣಾರೆ ನೋಡದೆ ಬಿಡುವುದಿಲ್ಲವೆಂದು ನರ್ಸಬಾಯಿ ಗರಡಿಯ ಬಾಗಿಲಿಗೇ ಹೋದರು. ವಸ್ತಾದರು ಅಡ್ಡ ನಿಂತರು.

"ಹೆಣ್ಮಕ್ಕಳು ಒಳಗ ಬರಂಗಿಲ್ರಿ ಅಕ್ಕಾರ. ಚಪ್ಪಲೀನೂ ಬರಂಗಿಲ್ಲ. ಹಿರೇರ ಕಾಲದಿಂದ ನಡಕೋತ ಬಂದದ್ದು."

ನರ್ಸಬಾಯಿ ವಾದ ಮಾಡಲಿಲ್ಲ. "ಆತ್ರಿ, ನಾ ಬರಂಗಿಲ್ಲ. ಅವರನ್ನ ಹೊರಗ ಕಳಸ್ರಿ. ಇಲ್ಲೇ ನೋಡ್ತೇನಿ."

ಮೂವರೂ ಲಂಗೋಟಿಯಲ್ಲಿ ರಸ್ತೆಯ ಬದಿ ಸಾಲಾಗಿ ನಿಂತರು. ನರ್ಸಬಾಯಿ ಕೈಗವಸು ಹಾಕಿಕೊಂಡು ಮೊದಲನೆಯವನ ತೊಡೆಯ ಪಟ್ಟಿ ಬಿಚ್ಚಿದರು. ಹುಣ್ಣು ಆರಿರಲಿಲ್ಲ, ಸುತ್ತ ಕೆಂಪೇರಿ ಬಾತಿತ್ತು, ಮೈ ಸುಡುತ್ತಿತ್ತು. "ಇಂವಾ ಇವತ್ತ ದವಾಖಾನಿಗೆ ಹೋಗಬೇಕು," ಎಂದು ಅವರು ನನ್ನ ಕಡೆ ನೋಡಿದರು. ನಾನು ಬೈಕು ತರಲು ಹೊರಟೆ.

ಅಷ್ಟರಲ್ಲಿ ಸಂಶಿ ಸಂತೆ ಮುಗಿಸಿದ ಹೆಂಗಸರನ್ನು ತುಂಬಿಕೊಂಡು ಬಸ್ಸು ಬಂದು ಅಲ್ಲಿಯೇ ನಿಂತಿತು. ಕಿಟಕಿಯಿಂದ ಮುದುಕಿಯೊಬ್ಬಳು ಇಣುಕಿದಳು.

"ಯವ್ವಾ, ಇವರ ಅರಿವಿ ಯಾರ ಕಸಗೊಂಡಾರ?"

ಪಕ್ಕದ ಕಿಟಕಿಯ ಹೆಂಗಸು ಕಣ್ಣು ಕಿರಿದು ಮಾಡಿ ನೋಡಿದಳು. "ಏ, ಆ ಕಡೀಂವ ನಮ್ಮ ಹುಡುಗೀನ ನೋಡಾಕ ಬಂದಿದ್ದ ವರಾ ಅಲ್ಲೇನ?"

ಕೊನೆಯವನು ನರ್ಸಬಾಯಿಯ ಬೆನ್ನ ಹಿಂದೆ ಅಡಗಲು ಹೋದ. ಅವನ ಗಾತ್ರಕ್ಕೆ ಅವರ ಬೆನ್ನು ಎಲ್ಲಿ ಸಾಕಾದೀತು? ಇಡೀ ಬಸ್ಸು ಒಂದೇ ಕಡೆಗೆ ವಾಲಿತು. ವಸ್ತಾದರು ಬಾಗಿಲನ್ನು ಹಾರುಹೊಡೆದು ತೆರೆದರು.

"ಅಕ್ಕಾರ, ಚಪ್ಪಲಿ ಹಾಕ್ಕೊಂಡ ಬರ್ರಿ, ಬೇಕಾದ್ರ ಬಸ್ಸಿನ್ಯಾಗಿನವರನ್ನೂ ಕರಕೊಂಡ ಬರ್ರಿ, ಆದ್ರ ಇವರನ್ನ ಮೊದಲ ಒಳಗ ನೂಕ್ರಿ!"