ಬೀಜ ಎಲ್ಲಿಗೆ ಬಂತು

"ಬಾಲ್ಕನೀಲಿ ತೋಟ ಮಾಡೋದು ಏನು ಮಹಾ? ಕೂದಲಿಗಿಂತ ಸಣ್ಣ ಸ್ಪ್ರಿಂಗು ಕೂರಿಸೋ ಕೈ ಇದು," ಎಂದು ಮುಳ್ಳಣ್ಣ ಫೋನಿನಲ್ಲಿ ಹೆಂಡತಿಗೆ ಕೊಚ್ಚಿಕೊಂಡ. ಮೂವತ್ತು ವರ್ಷದಿಂದ ಜನರ ಗಡಿಯಾರಗಳಿಗೆ ಮುಳ್ಳು ಜೋಡಿಸುತ್ತ ಬಂದವನಿಗೆ ಬೀದಿಯವರು ಇಟ್ಟ ಹೆಸರು ಅದು. ಹೆಂಡತಿ ನರ್ಸು. ಅವಳನ್ನು ದೂರದ ಊರಿನ ಆಸ್ಪತ್ರೆಗೆ ಆರು ತಿಂಗಳ ಮಟ್ಟಿಗೆ ಹಾಕಿದ್ದರು. ಎರಡು ತಿಂಗಳು ಕಳೆದಿತ್ತು. ಬಾಗಿಲ ಬಳಿ ಒಂದೇ ಜೊತೆ ಚಪ್ಪಲಿ ನೋಡಿ ನೋಡಿ ಮುಳ್ಳಣ್ಣನಿಗೆ ಸಾಕುಸಾಕಾಗಿತ್ತು.

"ಏನು ಬೆಳೀತೀರಿ?"

"ಬೀನ್ಸು."

"ಸರಿ. ಮೊದಲನೇ ಕಾಯಿ ಬಿಟ್ಟ ದಿನ ಹೇಳಿ, ರಜೆ ಹಾಕಿ ಬರ್ತೀನಿ."

ಅವಳೇನೋ ತಮಾಷೆಗೆ ಅಂದಳು. ಈ ಪುಣ್ಯಾತ್ಮ ಅದನ್ನು ಸೆರಗಿಲ್ಲದಿದ್ದರೂ ಗಂಟು ಕಟ್ಟಿಕೊಂಡ. ಅಂದಿನಿಂದ ಅವನ ಪಾಲಿಗೆ ಬೀನ್ಸ್ ಎಂದರೆ ತರಕಾರಿಯಲ್ಲ, ಹೆಂಡತಿಯ ರಜಾ ಅರ್ಜಿ.

ಕುಂಡದಂಗಡಿಯವನು ಹನ್ನೆರಡು ಬೀಜ ಕೊಟ್ಟು, ಹೊಸಬರಿಗೆ ಹೇಳುವುದನ್ನೆಲ್ಲ ಹೇಳಿದ. "ಕುಂಡದ ತಳದಲ್ಲಿ ತೂತಿರಲಿ. ಬೀಜ ಒಂದು ಬೆರಳಗೆಣ್ಣಿನಷ್ಟು ಆಳ ಹೋಗ್ಲಿ. ಮಣ್ಣು ಒಣಗಿದ್ರೆ ಮಾತ್ರ ನೀರು ಹಾಕಿ. ಆಮೇಲೆ ವಾರ ಹತ್ತು ದಿನ ಅದರ ಪಾಡಿಗೆ ಬಿಟ್ಟುಬಿಡಿ."

ಮೊದಲೆರಡನ್ನು ಮುಳ್ಳಣ್ಣ ಶಾಸ್ತ್ರೋಕ್ತವಾಗಿ ನೆರವೇರಿಸಿದ. ಗೆಣ್ಣಿನ ಆಳವನ್ನು ಸ್ಕೇಲಿಟ್ಟು ಅಳೆದ. ಉಳಿದೆರಡು ಅವನ ಜಾಯಮಾನಕ್ಕೆ ಒಗ್ಗಲಿಲ್ಲ. ಗಡಿಯಾರ ನಡೆಯುತ್ತಿದೆಯೋ ನಿಂತಿದೆಯೋ ಎಂದು ಅನುಮಾನ ಬಂದರೆ ಹಿಂದಿನ ಮುಚ್ಚಳ ಬಿಚ್ಚಿ ನೋಡುವುದೇ ಕಸುಬಾದವನು ಹೇಗೆ ತಾನೇ ಸುಮ್ಮನಿದ್ದಾನು? ಎರಡನೇ ಬೆಳಿಗ್ಗೆಯೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದಿಂದ ಮಣ್ಣು ಸರಿಸಿ, ಬೀಜವನ್ನೆತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ, ಉಫ್ ಎಂದು ಊದಿ ವಾಪಸ್ ಕೂರಿಸಿದ. ಹನ್ನೆರಡಕ್ಕೂ ದಿನಾ ಇದೇ ತಪಾಸಣೆ.

ಇನ್ನು ನೀರು. ಹೆಂಡತಿ ನೆನಪಾದಾಗಲೆಲ್ಲ ಒಂದು ಚೊಂಬು. ಒಂದೇ ಲೋಟ ಟೀ ಸೋಸುವಾಗ ನೆನಪಾದಳು, ಒಂದು ಚೊಂಬು. ಅವಳ ದಿಂಬನ್ನು ಬಿಸಿಲಿಗೆ ಹಾಕುವಾಗ ನೆನಪಾದಳು, ಇನ್ನೊಂದು ಚೊಂಬು. ಭಾನುವಾರವಂತೂ ಅಂಗಡಿ ಮುಚ್ಚಿರುತ್ತಿತ್ತು, ಬಕೆಟ್ಟೇ ಬೇಕಾಯಿತು.

ಎರಡನೇ ಭಾನುವಾರ ಕೆಳಮನೆಯ ಹೆಡ್‌ಮಿಸ್ಟ್ರೆಸ್ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಒಗೆದು ಹರವಿದ್ದ ಬಿಳೀ ಬೆಡ್‌ಶೀಟು, ಅದರ ತುಂಬ ಕೆಸರು.

"ಏನ್ರೀ ಇದು? ನಿಮ್ಮ ತೋಟ ಪೂರ್ತಿ ನಮ್ಮನೆಗೆ ಇಳಿದಿದೆ."

ಬೈಯಲು ತಯಾರಾಗಿ ಬಂದವರು ಅಷ್ಟಕ್ಕೇ ನಿಂತರು. ಮುಳ್ಳಣ್ಣ ಚಿಮುಟದಲ್ಲಿ ಒಂದು ಬೀಜ ಹಿಡಿದು ಕೂತಿದ್ದ. ಅದರಿಂದ ಬೆಳ್ಳಗೆ ಒಂದು ಮೊಳಕೆ ಹೊರಟಿತ್ತು. ಸಂಭ್ರಮಕ್ಕೆ ಮೇಲೆತ್ತಿದವನ ಕೈಯಲ್ಲೇ ಮುರಿದಿತ್ತು. ಅವನ ಕಣ್ಣು ತುಂಬಿತ್ತು.

"ದಿನಾ ತೆಗೆದು ನೋಡ್ತೀರಾ?"

"ದಿನಕ್ಕೆ ಎರಡೇ ಸಲ, ಮೇಡಂ."

"ಉಳಿದವು?"

"ಕೊಳೆತು ಹೋದವು."

ಹೆಡ್‌ಮಿಸ್ಟ್ರೆಸ್ ಬೆಡ್‌ಶೀಟಿನ ಮಾತೆತ್ತದೆ ಇಳಿದು ಹೋದರು.

ಸಂಜೆ ಹೆಂಡತಿಯ ಫೋನು ಬಂತು. "ಗಿಡ ಹೇಗಿದೆ?"

"ಸೊಂಪಾಗಿದೆ. ನಾಳೆಯೋ ನಾಡಿದ್ದೋ ಹೂವು ಬರುತ್ತೆ."

"ಒಂಬತ್ತು ದಿನಕ್ಕೆ ಹೂವಾ?"

ಮುಳ್ಳಣ್ಣ ಬರೀ ಮಣ್ಣಿದ್ದ ಕುಂಡದ ಕಡೆ ನೋಡಿದ. "ಒಂದೂ ಹುಟ್ಟಲಿಲ್ಲ ಕಣೇ. ನೀನು ಬೇಗ ಬರಲಿ ಅಂತ ಕೆದಕಿ ಕೆದಕಿ ನಾನೇ ಹಾಳು ಮಾಡಿದೆ. ನೀನಿಲ್ಲದೆ ಈ ಮನೇಲಿ ಇರೋಕಾಗ್ತಿಲ್ಲ."



"ಹೆಡ್‌ಮಿಸ್ಟ್ರೆಸ್ ಮಧ್ಯಾಹ್ನವೇ ಎಲ್ಲ ಹೇಳಿದ್ರು. ರಜೆ ತಗೊಂಡಿದೀನಿ. ಶನಿವಾರ ಬರ್ತೀನಿ."

"ಕಾಯಿ ಬಿಟ್ಟಿಲ್ವಲ್ಲ?"

"ಕಾಯಿ ನೋಡೋಕೆ ಯಾರು ಬರ್ತಾರ್ರೀ?"

ಶನಿವಾರ ಮುಳ್ಳಣ್ಣ ಅಂಗಡಿ ತೆರೆಯಲೇ ಇಲ್ಲ. ಮನೆ ಗುಡಿಸಿದ, ಎರಡು ಲೋಟ ತೊಳೆದಿಟ್ಟ, ಫೋನು ಹಿಡಿದು ಕೂತ. ಬಸ್ಸು ಹತ್ತಿದೆಯಾ ಎಂದು ಕೇಳಿದ. ಕಿಟಕಿ ಪಕ್ಕ ಸೀಟು ಸಿಕ್ಕಿತಾ ಎಂದು ಕೇಳಿದ. ಬಸ್ಸು ಹೊರಟಿತಾ, ಸೇತುವೆ ದಾಟಿತಾ, ಊಟಕ್ಕೆ ನಿಲ್ಲಿಸಿದರಾ ಎಂದು ಒಂದೊಂದಕ್ಕೂ ಒಂದೊಂದು ಫೋನು ಮಾಡಿದ. ಆರನೇ ಸಲ ಇವನು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು.

"ರೀ, ಬೆಳಿಗ್ಗೆಯಿಂದ ಐದು ಸಲ ಅಗೆದು ನೋಡಿದೀರಿ. ಇನ್ನು ಕೈ ಕಟ್ಟಿ ಕೂತ್ಕೊಳ್ಳಿ. ನಾನಾಗೇ ಬರ್ತೀನಿ."